ತಡಿ ಕೂಡಿ

ಕಳೆದ ತಿಂಗಳು ಕಾಸರಗೋಡಿನ ಬದಿಯಡ್ಕದ ಬಸ್ ಸ್ಟ್ಯಾಂಡಿನಲ್ಲಿ ಪರಿಚಯದ ಅಕ್ಕ ಒಬ್ಬರು ಸಿಕ್ಕಿದರು. ನಮ್ಮ ಅಣ್ಣನಿಗೆ ಬಂದಂಥದ್ದೇ ಮನಸ್ಸಿನ ಕಾಯಿಲೆ ಹೋದ ವರ್ಷ ಅವರ ಮಗನಿಗೂ ಬಂದಿತ್ತು. ಹೇಗಿದ್ದಾನೆ ಎಂದು ಕೇಳಿದೆ. ಅವರ ಮುಖ ಅರಳಿತು. "ಈಗ ಅಡ್ಡಿಯಿಲ್ಲ. ಮಾತ್ರೆ ಬಿಡದೆ ತಿಂತಾನೆ. ಊಟವೂ ಚೆನ್ನಾಗಿ ಮಾಡ್ತಾನೆ. ನಾಲ್ಕೇ ತಿಂಗಳಲ್ಲಿ ಚಂದ ತೋರ ಆಗಿದ್ದಾನೆ, ನಿಮಗೆ ನೋಡಿದ್ರೆ ಗುರ್ತ ಸಿಗ್ಲಿಕ್ಕಿಲ್ಲ" ಎಂದರು. ಒಳ್ಳೇದಾಯ್ತು ಅಂದೆ. ಅಷ್ಟರಲ್ಲಿ ಮುಳ್ಳೇರಿಯದ ಬಸ್ಸು ಬಂತು, ಅವರು ಹತ್ತಿದರು. ನಾನು ಅಲ್ಲೇ ನಿಂತಿದ್ದೆ. ಹೇಳಬೇಕಾಗಿದ್ದ ಮಾತು ಬಾಯಿಯಲ್ಲೇ ಉಳಿಯಿತು. ಅವನ ತೂಕ ನೋಡ್ತಾ ಇದ್ದೀರಾ ಅಕ್ಕ, ಶುಗರ್ ಪರೀಕ್ಷೆ ಮಾಡಿಸಿದ್ದೀರಾ? ಇಷ್ಟೇ.

ಯಾಕೆ ಹೇಳಲಿಲ್ಲ ಎಂದು ಅಂದಿನಿಂದ ಯೋಚಿಸುತ್ತಿದ್ದೇನೆ. ಮಗ ಇನ್ನು ನಮಗಿಲ್ಲ ಎಂದುಕೊಂಡು ಒಂದು ವರ್ಷ ಕಳೆದ ತಾಯಿ ಅವರು. ಈಗ ಅವನು ಉಣ್ಣುತ್ತಾನೆ, ಮಲಗುತ್ತಾನೆ, ಮೈ ತುಂಬಿಕೊಂಡಿದ್ದಾನೆ. ಆ ಖುಷಿಗೆ ತಣ್ಣೀರೆರಚಲು ಮನಸ್ಸು ಬರಲಿಲ್ಲ. ಇದೇ ಖುಷಿಯನ್ನು 2014ರಲ್ಲಿ ನಮ್ಮ ಅಮ್ಮನ ಮುಖದಲ್ಲಿ ನೋಡಿದ್ದೆ. ಅಂದು ನಮಗೆ ಹೇಳುವವರು ಯಾರೂ ಇರಲಿಲ್ಲ. ಇವತ್ತು ಹೇಳಬಹುದಾಗಿದ್ದವನು ನಾನು, ಸುಮ್ಮನಾದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಬರೆಯುವ ಮೊದಲು ಅಣ್ಣನನ್ನು ಕೇಳಿದೆ. "ಹೆಸರು ಹಾಕಬೇಡ. ಬಾಕಿ ಎಂತ ಬೇಕಾದ್ರೂ ಬರಿ" ಎಂದ.

ಇನ್ನೊಂದು ಇಡ್ಲಿ

ಕಾಯಿಲೆಯ ಕಥೆಯನ್ನು ಉದ್ದಕ್ಕೆ ಹೇಳುವುದಿಲ್ಲ. ಮೊದಲು ಯಾರ ಹತ್ತಿರ ಹೋದೆವು, ಎಲ್ಲಿ ಪ್ರಶ್ನೆ ಇಡಿಸಿದೆವು, ಏನು ಹರಕೆ ಹೊತ್ತೆವು ಎನ್ನುವುದೂ ಬೇಡ. ನಮ್ಮ ಕಡೆಯವರಿಗೆ ಆ ದಾರಿ ಗೊತ್ತು. ಒಂದು ವಿಷಯ ಮಾತ್ರ ಹೇಳಬೇಕು. ಅಣ್ಣನಿಗಿದ್ದ ದೊಡ್ಡ ಹೆದರಿಕೆ ಊಟದ್ದು. ಗಂಜಿಗೆ ಯಾರೋ ವಿಷ ಹಾಕಿದ್ದಾರೆ ಎನ್ನುತ್ತಿದ್ದ. ಅಮ್ಮ ಅವನ ಎದುರೇ ಅವನ ಬಟ್ಟಲಿನಿಂದ ಒಂದು ತುತ್ತು ಉಣ್ಣಬೇಕು. ಉಂಡ ಮೇಲೂ ಅವನು ಅಮ್ಮನ ಮುಖವನ್ನೇ ನೋಡುತ್ತಾ ಕೂರುತ್ತಿದ್ದ, ಏನಾದರೂ ಆಗುತ್ತದಾ ಎಂದು. ಅಷ್ಟರಲ್ಲಿ ಗಂಜಿ ತಣಿದು ಗಟ್ಟಿಯಾಗುತ್ತಿತ್ತು. ಅರವತ್ತೈದು ಕಿಲೋದ ಅಡಿಕೆ ಗೋಣಿಯನ್ನು ಒಬ್ಬನೇ ಹೆಗಲಿಗೇರಿಸುತ್ತಿದ್ದ ಇಪ್ಪತ್ತೊಂಬತ್ತರ ಗಂಡಸು, ಮಂಗಳೂರಿನ ಆಸ್ಪತ್ರೆಗೆ ಸೇರಿಸುವಾಗ ಐವತ್ತಾರು ಕಿಲೋಗೆ ಇಳಿದಿದ್ದ.

ಅಲ್ಲಿ ಮಾತ್ರೆ ಶುರುವಾಯಿತು. ಒಲಾಂಜಪಿನ್, ರಾತ್ರಿ ಮಲಗುವ ಮುಂಚೆ, ಮೊದಲು 10 ಮಿಲಿಗ್ರಾಂ, ಆಮೇಲೆ 20. ಎರಡನೆಯ ವಾರ ಒಂದು ಬೆಳಿಗ್ಗೆ ಅಣ್ಣ ತಟ್ಟೆ ಖಾಲಿ ಮಾಡಿ, "ಅಮ್ಮಾ, ಇನ್ನೊಂದು ಇಡ್ಲಿ ಉಂಟಾ?" ಎಂದು ಕೇಳಿದ. ಅಮ್ಮ ಕ್ಯಾಂಟೀನಿಗೆ ಓಡಿದರು. ಮೆಟ್ಟಿಲಲ್ಲಿ ಸೆರಗಿನಿಂದ ಕಣ್ಣು ಒರೆಸಿಕೊಂಡದ್ದನ್ನು ನಾನು ನೋಡಿದೆ. ಆ ಇಡ್ಲಿಯ ಕಥೆಯನ್ನು ಅಮ್ಮ ಎಷ್ಟು ಮನೆಯಲ್ಲಿ ಹೇಳಿದ್ದಾರೋ ಲೆಕ್ಕವಿಲ್ಲ. ಮಾತ್ರೆಯ ಮೇಲೆ ನನಗೆ ಸಿಟ್ಟಿದೆ ಎಂದು ಮುಂದೆ ಯಾರಿಗಾದರೂ ಅನಿಸಿದರೆ ಈ ಇಡ್ಲಿಯನ್ನು ನೆನಪಿಟ್ಟುಕೊಳ್ಳಿ. ಅಣ್ಣನನ್ನು ನಮಗೆ ವಾಪಸು ಕೊಟ್ಟದ್ದು ಅದೇ ಮಾತ್ರೆ.

ಮನೆಗೆ ಬಂದ ಮೇಲೆ ಊಟ ಜಾಸ್ತಿಯಾಯಿತು. ಎಂಟು ನೀರುದೋಸೆ ತಿನ್ನುತ್ತಿದ್ದವನು ಹದಿನೈದು ತಿನ್ನತೊಡಗಿದ. ಹಲಸಿನಕಾಯಿ ಸಮಯದಲ್ಲಿ ಸೋಂಟೆಯ ಡಬ್ಬ ಒಂದೇ ದಿನಕ್ಕೆ ಮುಗಿಯುತ್ತಿತ್ತು. ಬಾಯಿ ಒಣಗುತ್ತದೆ ಎಂದು ದಿನಕ್ಕೆ ಏಳೆಂಟು ಚಹಾ, ಎಲ್ಲದಕ್ಕೂ ಎರಡು ಚಮಚ ಸಕ್ಕರೆ. ಅಮ್ಮ ಬಡಿಸಿದ್ದೇ ಬಡಿಸಿದ್ದು. ಒಂದು ಕಾಲದಲ್ಲಿ ವಿಷ ಎಂದು ತಟ್ಟೆ ನೂಕುತ್ತಿದ್ದ ಮಗ ಮತ್ತೆ ಹಾಕು ಎಂದು ಕೇಳುವಾಗ ಯಾವ ತಾಯಿ ಸಾಕು ಎನ್ನುತ್ತಾಳೆ? ಮನೆಗೆ ಬಂದವರೂ ಅದನ್ನೇ ಹೇಳುತ್ತಿದ್ದರು. ಈಗ ಮುಖದಲ್ಲಿ ಕಳೆ ಬಂದಿದೆ, ಮೈ ತುಂಬಿದೆ, ಗುಣವಾಯಿತು. ನಮ್ಮಲ್ಲಿ ಮೈ ಬಂದರೆ ಗುಣವಾದ ಹಾಗೆ. ಮಾತು ಸರಿಯಾಯಿತಾ, ಕೆಲಸಕ್ಕೆ ಮನಸ್ಸು ಬಂತಾ ಎಂದು ಕೇಳಿದವರು ಕಡಿಮೆ.

ಒಬ್ಬರು ಮಾತ್ರ ಬೇರೆ ಹೇಳಿದ್ದರು. ಅದು ನಮಗೆ ತಲುಪಲಿಲ್ಲ. ಆ ವರ್ಷದ ಜುಲೈಯಲ್ಲಿ ಅಣ್ಣನಿಗೆ ಮಳೆಗಾಲದ ಜ್ವರ ಬಂತು. ಅಮ್ಮ ಅವನನ್ನು ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋದರು. ಅಲ್ಲಿ ಎಲ್ಲ ಬೋರ್ಡೂ ಮಲಯಾಳದಲ್ಲಿ, ಎಲ್ಲ ಮಾತೂ ಮಲಯಾಳದಲ್ಲಿ. ಅಮ್ಮನ ತವರು ವಿಟ್ಲದ ಕಡೆ. ಮದುವೆಯಾಗಿ ಇಲ್ಲಿಗೆ ಬಂದು ನಲವತ್ತು ವರ್ಷವಾದರೂ ಅವರ ಮಲಯಾಳ ಮೀನಿನವರ ಹತ್ತಿರ ಚೌಕಾಸಿ ಮಾಡುವಷ್ಟೇ. ಅಣ್ಣನನ್ನು ಮೊದಲಿನಿಂದ ನೋಡಿದ್ದ ನರ್ಸ್ ಒಬ್ಬರು ಅವನನ್ನು ಮೇಲಿಂದ ಕೆಳಗೆ ನೋಡಿ "ತಡಿ ಕೂಡಿಯಲ್ಲೋ" ಎಂದರು. ತಡಿ ಅಂತ ಹೇಳಿದ್ದಾರಲ್ಲ ಎಂದು ಅಮ್ಮ ಅಣ್ಣನನ್ನೂ ಕೂರಿಸಿಕೊಂಡು ಬೆಂಚಿನ ಮೇಲೆ ಕಾದರು. ಮಧ್ಯಾಹ್ನದವರೆಗೂ ಕಾದರು. ಅಣ್ಣನಿಗೆ ಮಲಯಾಳ ಚೆನ್ನಾಗಿ ಬರುತ್ತದೆ. ಆದರೆ ಆ ಜ್ವರದಲ್ಲಿ, ಆ ಮಾತ್ರೆಯ ಮಂಪರಿನಲ್ಲಿ ಅವನು ಗೋಡೆಗೆ ಒರಗಿ ನಿದ್ದೆ ಮಾಡಿದ್ದ. ಮಲಯಾಳದಲ್ಲಿ ತಡಿ ಎಂದರೆ ಮೈ, ದಪ್ಪ. ತಡಿ ಕೂಡಿ ಎಂದರೆ ದಪ್ಪ ಆಗಿದ್ದೀಯ ಎಂದು. ಸಂಜೆ ಅಮ್ಮ ಬೈದುಕೊಂಡು ಈ ಕಥೆ ಹೇಳಿದಾಗ ನನಗೆ ಅರ್ಥವಾಯಿತು. ನಕ್ಕೂ ನಕ್ಕೂ ಸುಸ್ತಾದೆ. ಕಾಸರಗೋಡಿನ ಕನ್ನಡಿಗರ ಪಾಡು ಎಂದು ನಾಲ್ಕು ಜನರಿಗೆ ತಮಾಷೆಯಾಗಿ ಹೇಳಿದೆ. ನರ್ಸಮ್ಮ ಹೇಳಿದ ಮಾತಿನ ಬಗ್ಗೆ ಮಾತ್ರ ಯೋಚಿಸಲಿಲ್ಲ.

ಊಟ ಮಾಡ್ತಾನಾ?

ಎರಡು ತಿಂಗಳಿಗೊಮ್ಮೆ ಮಂಗಳೂರಿಗೆ ಹೋಗುತ್ತಿದ್ದೆವು. ಕಾಸರಗೋಡಿನವರಿಗೆ ದೊಡ್ಡ ಕಾಯಿಲೆ ಎಂದರೆ ಗಡಿಯ ತಲಪಾಡಿ ದಾಟುವುದು, ಅಲ್ವಾ. ಬೆಳಿಗ್ಗೆ ಹೊರಟು ಟೋಕನ್ ತೆಗೆದುಕೊಂಡು ಕೂತರೆ ಹನ್ನೆರಡಕ್ಕೆ ಒಳಗೆ ಕರೆಯುತ್ತಿದ್ದರು. ಡಾಕ್ಟರು ಒಳ್ಳೆಯವರೇ. ಅವರ ಪ್ರಶ್ನೆಗಳು ಪ್ರತಿ ಸಲ ಒಂದೇ. ನಿದ್ದೆ ಬರ್ತದಾ? ಬರ್ತದೆ. ಧ್ವನಿ ಕೇಳ್ತದಾ? ಇಲ್ಲ. ಊಟ ಮಾಡ್ತಾನಾ? "ಚೆನ್ನಾಗಿ ಮಾಡ್ತಾನೆ ಡಾಕ್ಟ್ರೇ" ಎಂದು ಅಮ್ಮ ಹೆಮ್ಮೆಯಿಂದ ಹೇಳುತ್ತಿದ್ದರು. ಗುಡ್ ಎಂದು ಅದೇ ಮಾತ್ರೆಯನ್ನು ಮತ್ತೆ ಬರೆಯುತ್ತಿದ್ದರು. ಆ ಕೋಣೆಯ ಮೂಲೆಯಲ್ಲಿ ಒಂದು ತೂಕದ ಮಿಷನ್ ಇತ್ತು. ಅದರ ಮೇಲೆ ಯಾವಾಗಲೂ ಫೈಲುಗಳ ಕಟ್ಟು ಇರುತ್ತಿತ್ತು.

ಎಷ್ಟೋ ವರ್ಷದ ನಂತರ ಓದಿ ತಿಳಿದುಕೊಂಡದ್ದು ಇದು. ಈ ಬಗೆಯ ಮಾತ್ರೆಗಳಿಂದ ಮೈ ಬರುತ್ತದೆ ಎನ್ನುವುದು 1950ರ ದಶಕದಲ್ಲಿ ಇವುಗಳಲ್ಲಿ ಮೊದಲನೆಯದಾದ ಕ್ಲೋರ್‌ಪ್ರೊಮಜಿನ್ ಬಂದಾಗಿನಿಂದಲೇ ಗೊತ್ತಿತ್ತು. ಒಲಾಂಜಪಿನ್ ಅಮೆರಿಕದಲ್ಲಿ ಮಾರುಕಟ್ಟೆಗೆ ಬಂದದ್ದು 1996ರಲ್ಲಿ. 1999ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ ಲೆಕ್ಕ ಹಾಕಿದರು. ಹತ್ತು ವಾರಕ್ಕೆ ಸರಾಸರಿ ಏರುವ ತೂಕ ಕ್ಲೋಜಪಿನ್‌ನಲ್ಲಿ 4.45 ಕಿಲೋ, ಒಲಾಂಜಪಿನ್‌ನಲ್ಲಿ 4.15, ರಿಸ್ಪೆರಿಡೋನ್‌ನಲ್ಲಿ 2.1. ಜಿಪ್ರಾಸಿಡೋನ್‌ನಲ್ಲಿ ಏನೂ ಇಲ್ಲ ಎನ್ನುವಷ್ಟು ಕಡಿಮೆ. 2003ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಇಲಾಖೆ ಈ ಹೊಸ ತಲೆಮಾರಿನ ಮಾತ್ರೆಗಳಿಗೆಲ್ಲ ಸಕ್ಕರೆ ಕಾಯಿಲೆಯ ಎಚ್ಚರಿಕೆ ಸೇರಿಸಲು ಹೇಳಿತು. ಮರುವರ್ಷ ಅಲ್ಲಿನ ಸಕ್ಕರೆ ಕಾಯಿಲೆಯ ಡಾಕ್ಟರುಗಳೂ ಮನೋವೈದ್ಯರೂ ಒಟ್ಟಿಗೆ ಕೂತು ಒಂದು ಪಟ್ಟಿ ಮಾಡಿದರು. ಮಾತ್ರೆ ಶುರು ಮಾಡುವ ದಿನ ತೂಕ, ಸೊಂಟದ ಸುತ್ತಳತೆ, ಬಿಪಿ, ಖಾಲಿ ಹೊಟ್ಟೆಯ ಶುಗರ್, ಕೊಲೆಸ್ಟ್ರಾಲ್. ಆಮೇಲೆ 4, 8, 12ನೇ ವಾರಕ್ಕೆ ತೂಕ. ಹನ್ನೆರಡನೇ ವಾರ ರಕ್ತ ಪರೀಕ್ಷೆ ಮತ್ತೊಮ್ಮೆ. ಅಲ್ಲಿಂದ ಮುಂದೆ ಮೂರು ತಿಂಗಳಿಗೊಮ್ಮೆ ತೂಕ, ವರ್ಷಕ್ಕೊಮ್ಮೆ ಶುಗರ್.

ಆ ಪಟ್ಟಿ ಬಂದದ್ದು ಅಣ್ಣ ಮೊದಲ ಮಾತ್ರೆ ನುಂಗುವ ಹತ್ತು ವರ್ಷ ಮೊದಲು. ಒಂದು ದಿನಕ್ಕೆ ಎಂಬತ್ತು ರೋಗಿಗಳನ್ನು ನೋಡುವ ಡಾಕ್ಟರಿಗೆ ಪುರುಸೊತ್ತು ಇರುವುದಿಲ್ಲ, ಒಪ್ಪುತ್ತೇನೆ. ಆದರೂ ಒಬ್ಬ ಮನುಷ್ಯನನ್ನು ಮಿಷನ್ ಮೇಲೆ ನಿಲ್ಲಿಸಿ ಇಳಿಸಲು ಎಷ್ಟು ಹೊತ್ತು ಬೇಕು?

ನಮ್ಮ ಕಡೆ ಗಂಡಸರಿಗೆ ಹೊಟ್ಟೆ ಬಂದದ್ದು ಬಟ್ಟೆಗೂ ಗೊತ್ತಾಗುವುದಿಲ್ಲ. ಪ್ಯಾಂಟು ಹಾಕುವವರಿಗೆ ಗುಂಡಿ ಹೇಳುತ್ತದೆ, ಬೆಲ್ಟು ಹೇಳುತ್ತದೆ. ಲುಂಗಿಗೆ ಗುಂಡಿ ಇಲ್ಲ. ಐವತ್ತಾರು ಕಿಲೋ ಇದ್ದಾಗ ಉಟ್ಟ ಲುಂಗಿಯನ್ನೇ ಎಂಬತ್ತು ದಾಟಿದ ಮೇಲೂ ಉಡಬಹುದು.

ಲೆಕ್ಕದ ಪುಸ್ತಕ

2017ರ ಜನವರಿಯಲ್ಲಿ ಅಡಿಕೆ ವ್ಯಾಪಾರಿ ಟೆಂಪೋ ತಂದಿದ್ದ. ಅಂಗಳದಲ್ಲಿ ತೂಕದ ಮಿಷನ್ ಇಟ್ಟು ಒಂದೊಂದೇ ಗೋಣಿ ತೂಗುತ್ತಿದ್ದರು. ನಾನು ಅಪ್ಪನ ಕಾಲದ ಲೆಕ್ಕದ ಪುಸ್ತಕದಲ್ಲಿ ಬರೆಯುತ್ತಿದ್ದೆ. ಅಪ್ಪ ತೀರಿಹೋಗಿ ವರ್ಷಗಳಾದವು. ಪುಸ್ತಕ ಮಾತ್ರ ಮುಂದುವರಿದಿದೆ. ಯಾವ ವರ್ಷ ಎಷ್ಟು ಗೋಣಿ, ಎಷ್ಟು ಕಿಲೋ, ಎಷ್ಟು ಗ್ರಾಂ, ಕಡಿಮೆ ದರ್ಜೆಯ ಕೋಕ ಎಷ್ಟು, ಪಟೋರ ಎಷ್ಟು, ಎಲ್ಲ ಅದರಲ್ಲಿ ಉಂಟು. ಮೊದಲಾದರೆ ಗೋಣಿ ಎತ್ತುವುದು ಅಣ್ಣ. ಆ ವರ್ಷ ಎರಡು ಗೋಣಿ ಎಳೆದು ಜಗಲಿಯ ಮೇಲೆ ಕೂತುಬಿಟ್ಟ. ಏದುಸಿರು ಬಿಡುತ್ತಿದ್ದ. ವ್ಯಾಪಾರ ಮುಗಿದ ಮೇಲೆ ಸುಮ್ನೆ ಎದ್ದು ಬಂದು ಮಿಷನ್ ಮೇಲೆ ನಿಂತ. 84 ತೋರಿಸಿತು. "ಒಂದು ಗೋಣಿ ಅಡಿಕೆ, ಮೇಲೆ ಅರ್ಧ ಮೂಟೆ ಅಕ್ಕಿ" ಎಂದ. ವ್ಯಾಪಾರಿ ನಕ್ಕ, "ಹಳೆ ಅಡಿಕೆಯ ರೇಟು ಕೊಡ್ತೇನೆ, ಬನ್ನಿ" ಎಂದ. ಎಲ್ಲರೂ ನಕ್ಕೆವು. ಅಣ್ಣನೂ ನಕ್ಕ.

ನಾನು ತಮಾಷೆಗೆ ಅದನ್ನೂ ಪುಸ್ತಕದಲ್ಲಿ ಬರೆದೆ. ಅಣ್ಣ, 84. ರಾತ್ರಿ ಲೆಕ್ಕ ಕೂಡಿಸುವಾಗ ಆ ಸಾಲು ಕಣ್ಣಿಗೆ ಬಿತ್ತು. ಎದ್ದು ಹೋಗಿ ಮಂಗಳೂರಿನ ಡಿಸ್ಚಾರ್ಜ್ ಕಾಗದ ಹುಡುಕಿದೆ. ಅದರಲ್ಲಿ ತೂಕ 56. ಮೂರು ವರ್ಷದಲ್ಲಿ ಇಪ್ಪತ್ತೆಂಟು ಕಿಲೋ. ನಡುವೆ ಒಂದೇ ಒಂದು ಸಂಖ್ಯೆ ಎಲ್ಲೂ ಇರಲಿಲ್ಲ. ನಾನು ಸಹಕಾರಿ ಬ್ಯಾಂಕಿನಲ್ಲಿ ಗುಮಾಸ್ತ. ದಿನಕ್ಕೆ ಎರಡು ಸಲ ನಗದು ಎಣಿಸುತ್ತೇನೆ. ಒಂದು ರೂಪಾಯಿ ವ್ಯತ್ಯಾಸ ಬಂದರೆ ಮನೆಗೆ ಹೋಗುವ ಹಾಗಿಲ್ಲ. ಅಂಥವನ ಮನೆಯಲ್ಲಿ ಪಟೋರ ಅಡಿಕೆಗೆ ಇದ್ದ ಲೆಕ್ಕ ಅಣ್ಣನ ಮೈಗೆ ಇರಲಿಲ್ಲ.

ಲೆಕ್ಕ ಸಿಕ್ಕಿತು. ಆದರೆ ಆ ಲೆಕ್ಕದಿಂದ ನಾನು ತಪ್ಪು ಉತ್ತರ ತೆಗೆದೆ. ಅಣ್ಣ ತಿಂದು ತಿಂದು ಹೀಗಾಗಿದ್ದಾನೆ, ಬಾಯಿಗೆ ಬೀಗ ಇಲ್ಲ ಎಂದುಕೊಂಡೆ.

ಬೀಗ

ಅಲ್ಲಿಂದ ಮನೆಯಲ್ಲಿ ನನ್ನ ಪೊಲೀಸ್ ಕೆಲಸ ಶುರುವಾಯಿತು. ಎಷ್ಟು ದೋಸೆ ತಿಂದ ಎಂದು ಎಣಿಸುವುದು. ಚಹಾಕ್ಕೆ ಸಕ್ಕರೆ ಹಾಕಿದರೆ ಹೆಂಡತಿಯ ಮೇಲೆ ರೇಗುವುದು. ನಾನು ಅವನಿಗಿಂತ ನಾಲ್ಕು ವರ್ಷ ಚಿಕ್ಕವನು. ಚಿಕ್ಕಂದಿನಲ್ಲಿ ಒಂದು ಮಾತು ಎದುರು ಆಡಿದವನಲ್ಲ. ಈಗ ಊಟದ ಹೊತ್ತಿಗೆ "ಸಾಕಲ್ವಾ ಅಣ್ಣ" ಎನ್ನುತ್ತಿದ್ದೆ. ಸಾಕು ಎನ್ನುವುದಕ್ಕಿಂತ ಆ ದನಿಯೇ ಕೆಟ್ಟದಾಗಿತ್ತು. ಅವನು ಕೈ ತೊಳೆದು ಎದ್ದುಬಿಡುತ್ತಿದ್ದ. ರಾತ್ರಿ ಎರಡು ಗಂಟೆಗೆ ಉಗ್ರಾಣದಲ್ಲಿ ಡಬ್ಬದ ಮುಚ್ಚಳದ ಸದ್ದು ಕೇಳುತ್ತಿತ್ತು. ಒಮ್ಮೆ ಎದ್ದು ಹೋಗಿ ಕೇಳಿದೆ, ಈಗ ತಾನೇ ಉಂಡದ್ದಲ್ವಾ, ಇಷ್ಟು ಎಂತ ಹಸಿವು? ಅವನು ಕೈಯಲ್ಲಿದ್ದ ಹಪ್ಪಳವನ್ನು ಡಬ್ಬಕ್ಕೆ ವಾಪಸು ಹಾಕಿದ. "ಉಂಡದ್ದು ಹೊಟ್ಟೆಗೆ ಗೊತ್ತಾಗುದಿಲ್ಲ ಮಾರಾಯ" ಎಂದ. ನೆಪ ಎಂದುಕೊಂಡೆ.

ಆ ವರ್ಷದ ಆಟಿ ತಿಂಗಳಲ್ಲಿ ಉಗ್ರಾಣಕ್ಕೆ ಬೀಗ ಹಾಕಿದೆ. ಅಮ್ಮ ಮೂರು ದಿನ ನನ್ನ ಹತ್ತಿರ ಮಾತಾಡಲಿಲ್ಲ. ಅಣ್ಣ ಏನೂ ಹೇಳಲಿಲ್ಲ. ನಾಲ್ಕನೆಯ ರಾತ್ರಿ ಜೋರು ಮಳೆ. ಮೂತ್ರಕ್ಕೆ ಎದ್ದವನಿಗೆ ಹಟ್ಟಿಯಲ್ಲಿ ಲೈಟು ಕಂಡಿತು. ದನ ಕರು ಹಾಕುವ ದಿನ ಹತ್ತಿರವಿತ್ತು, ಅದಕ್ಕೇನಾದರೂ ಆಯಿತೇನೋ ಎಂದು ಕೊಡೆ ಹಿಡಿದು ಹೋದೆ. ಅಣ್ಣ ಬಾನಿಯ ಪಕ್ಕ ಕುಕ್ಕರಗಾಲಿನಲ್ಲಿ ಕೂತಿದ್ದ. ದನಕ್ಕೆಂದು ತಂದಿಟ್ಟ ನೆಲಗಡಲೆ ಹಿಂಡಿಯ ತುಂಡನ್ನು ಕಲ್ಲಿನಿಂದ ಜಜ್ಜಿ ತಿನ್ನುತ್ತಿದ್ದ. ನನ್ನನ್ನು ನೋಡಿ ಗಾಬರಿಯಾಗಲಿಲ್ಲ. ಸಿಟ್ಟೂ ಮಾಡಲಿಲ್ಲ. "ಇದಕ್ಕೆ ಬೀಗ ಇಲ್ಲ ಅಲ್ವಾ" ಎಂದ.

ಕೊಡೆ ಮಡಚಿ ಅವನ ಪಕ್ಕ ಕೂತೆ. ಏನು ಮಾತಾಡಿದೆವು ನೆನಪಿಲ್ಲ. ಮಾತಾಡಿದೆವೋ ಇಲ್ಲವೋ. ಬೆಳಿಗ್ಗೆ ಬೀಗ ತೆಗೆದು ಬಾವಿಕಟ್ಟೆಯ ಮೇಲಿಟ್ಟೆ. ಅಮ್ಮ ಅದನ್ನು ಎಲ್ಲಿ ಬಿಸಾಡಿದರೋ ಗೊತ್ತಿಲ್ಲ.

ಹೊಟ್ಟೆಗೆ ಗೊತ್ತಾಗುವುದಿಲ್ಲ

ಅಣ್ಣ ಅಂದು ಹೇಳಿದ ಮಾತು ಅಕ್ಷರಶಃ ನಿಜ ಎಂದು ಗೊತ್ತಾಗಲು ನನಗೆ ಇನ್ನೂ ಸಮಯ ಬೇಕಾಯಿತು. ಅವಿಲ್ ಮಾತ್ರೆ ತಿಂದರೆ ನಿದ್ದೆ ಬರುತ್ತದೆ ಎಂದು ನಮಗೆಲ್ಲ ಗೊತ್ತು. ಮಿದುಳಿನಲ್ಲಿ ಹಿಸ್ಟಮಿನ್ ಎನ್ನುವ ರಾಸಾಯನಿಕ ಬಂದು ತಟ್ಟುವ ಬಾಗಿಲೊಂದಿದೆ. ಅವಿಲ್ ಆ ಬಾಗಿಲನ್ನು ಮುಚ್ಚುತ್ತದೆ. ಎಚ್ಚರವಾಗಿರಿಸುವ ಬಾಗಿಲು ಅದು, ಜೊತೆಗೆ ಹೊಟ್ಟೆ ತುಂಬಿತು ಎನ್ನುವ ಸುದ್ದಿ ದಾಟುವ ಬಾಗಿಲೂ ಹೌದು. ಮಕ್ಕಳು ಉಣ್ಣುವುದಿಲ್ಲ ಎಂದು ಮೆಡಿಕಲ್ ಅಂಗಡಿಯಿಂದ ಹಸಿವಿನ ಸಿರಪ್ ತರುತ್ತೇವಲ್ಲ, ಸಿಪ್ರೋಹೆಪ್ಟಡಿನ್, ಅದೂ ಇದೇ ಜಾತಿಯ ಔಷಧ. ಒಲಾಂಜಪಿನ್ ಈ ಬಾಗಿಲನ್ನು ಬಹಳ ಬಿಗಿಯಾಗಿ ಮುಚ್ಚುತ್ತದೆ. ಹಸಿವನ್ನು ಹಿಡಿತದಲ್ಲಿಡುವ ಸೆರೊಟೋನಿನ್‌ನ ಒಂದು ಬಾಗಿಲನ್ನೂ ಮುಚ್ಚುತ್ತದೆ. ಮಗುವಿಗೆ ಚಮಚದಲ್ಲಿ ಹಸಿವು ಕುಡಿಸಿ ಅದು ಊಟ ಕೇಳಿದರೆ ಮೆಚ್ಚುತ್ತೇವೆ. ಅಣ್ಣ ಪ್ರತಿ ರಾತ್ರಿ ಮಾತ್ರೆಯಲ್ಲಿ ಅದನ್ನೇ ನುಂಗಿ ಊಟ ಕೇಳಿದರೆ ನಾನು ಹೊಟ್ಟೆಬಾಕ ಎಂದೆ.

ತಿನ್ನುವುದರಿಂದ ಮಾತ್ರ ಆಗುವುದೂ ಅಲ್ಲ. ಮನಸ್ಸಿನ ಕಾಯಿಲೆಯೇ ಇಲ್ಲದ ಆರೋಗ್ಯವಂತರಿಗೆ ಒಂಬತ್ತು ದಿನ ಒಲಾಂಜಪಿನ್ ಕೊಟ್ಟು ನೋಡಿದ ಅಧ್ಯಯನವೊಂದು 2013ರಲ್ಲಿ ಬಂತು. ತೂಕ ಏರುವ ಮೊದಲೇ ಅವರ ಮೈ ಇನ್ಸುಲಿನ್‌ನ ಮಾತು ಕೇಳುವುದು ಕಡಿಮೆಯಾಗಿತ್ತು. ಎಂದರೆ ತೆಳ್ಳಗಿರುವವರೂ ನಿಶ್ಚಿಂತೆಯಿಂದ ಇರುವ ಹಾಗಿಲ್ಲ. ನಮ್ಮ ದೇಶದವರಿಗಂತೂ ಕೈಕಾಲು ಸಣ್ಣಗಿದ್ದರೂ ಹೊಟ್ಟೆಯಲ್ಲಿ ಕೊಬ್ಬು ಕೂರುವ ಗುಣ ಮೊದಲೇ ಉಂಟು. ಹಾಗಾಗಿಯೇ ಭಾರತದ ಗಂಡಸರಿಗೆ ಸೊಂಟದ ಅಳತೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಿದರೆ ಎಚ್ಚರ ಎನ್ನುತ್ತಾರೆ. ಕಾಯಿಲೆಯದ್ದೂ ಇದರಲ್ಲಿ ಪಾಲಿದೆ. ಮನೆಯಿಂದ ಹೊರಗೆ ಹೋಗಲು ಮನಸ್ಸಿಲ್ಲ, ತೋಟಕ್ಕೆ ಇಳಿಯಲು ಮನಸ್ಸಿಲ್ಲ, ಮಲಗಿದಲ್ಲೇ ದಿನ ಹೋಗುತ್ತದೆ.

2018ರಲ್ಲಿ ಶುಗರ್ ಬಂತು. ಕಂಡುಹಿಡಿದದ್ದು ಅಮ್ಮ. ಮನೆಯ ಹಿಂದೆ ಅಣ್ಣ ಮೂತ್ರ ಮಾಡುವ ಕಂಗಿನ ಬುಡದಲ್ಲಿ ಇರುವೆ ಸಾಲುಗಟ್ಟಿತ್ತು. ಖಾಲಿ ಹೊಟ್ಟೆಯ ಶುಗರ್ 212. ಆಮೇಲೆ ಎರಡು ಫೈಲು, ಇಬ್ಬರು ಡಾಕ್ಟರು. ಶುಗರಿನ ಡಾಕ್ಟರು ಅನ್ನ ಕಡಿಮೆ ಮಾಡಿ, ವಾಕಿಂಗ್ ಮಾಡಿ ಎನ್ನುವರು. ಮನಸ್ಸಿನ ಡಾಕ್ಟರು ಮಾತ್ರೆ ಬಿಡಬೇಡಿ ಎನ್ನುವರು. ಇಬ್ಬರೂ ಹೇಳುವುದು ಸರಿ. ಒಬ್ಬರ ಫೈಲನ್ನು ಇನ್ನೊಬ್ಬರು ತೆರೆಯುವುದಿಲ್ಲ. ಎರಡನ್ನೂ ಒಂದೇ ಪ್ಲಾಸ್ಟಿಕ್ ತೊಟ್ಟೆಯಲ್ಲಿ ಹಾಕಿ ಹೊರುವವನು ನಾನು.

ಇದೆಲ್ಲ ಮಾತ್ರೆಯ ಕೆಲಸ ಎಂದು ನಮಗಿಂತ ಮೊದಲೇ ಅಣ್ಣನಿಗೆ ಅಂದಾಜಿತ್ತು. ಅವನು ಯಾರಿಗೂ ಹೇಳಿರಲಿಲ್ಲ. 2019ರಲ್ಲಿ ನೆಂಟರ ಮನೆಯ ಮದುವೆ ಊಟಕ್ಕೆ ಹೋಗಿದ್ದೆವು. ಹೋಳಿಗೆ ಎರಡನೇ ಸಲ ಬಂದಾಗ ಅಣ್ಣ ಇನ್ನೊಂದು ಹಾಕಿಸಿಕೊಂಡ. ಎದುರಿನ ಸಾಲಿನಲ್ಲಿ ಕೂತಿದ್ದ ದೂರದ ಮಾವ ಒಬ್ಬರು, "ಸಾಕು ಮಾರಾಯ, ಇನ್ನೂ ಒಂದು ಹಂತಿ ಜನ ಉಣ್ಣಲಿಕ್ಕೆ ಬಾಕಿ ಉಂಟು" ಎಂದರು. ಐದು ವರ್ಷದ ಹಿಂದೆ ಇದೇ ಮಾವ ಮೈ ಬಂದಿದೆ, ಗುಣವಾಯಿತು ಎಂದಿದ್ದರು. ಅಣ್ಣ ಮರುದಿನದಿಂದ ಮಾತ್ರೆ ನಿಲ್ಲಿಸಿದ. ನಾಲಿಗೆಯ ಕೆಳಗೆ ಇಟ್ಟುಕೊಂಡು ಆಮೇಲೆ ಉಗುಳುತ್ತಿದ್ದ. ಮೂರು ವಾರದಲ್ಲಿ ನಾಲ್ಕು ಕಿಲೋ ಇಳಿದ. ನಾಲ್ಕನೆಯ ವಾರ ಬಟ್ಟಲನ್ನು ಅಮ್ಮನ ಕಡೆ ನೂಕಿ, "ನೀವು ಮೊದಲು ತಿನ್ನಿ" ಎಂದ. ಅಮ್ಮನ ಕೈ ನಡುಗಿದ್ದು ನನಗೆ ಈಗಲೂ ಕಾಣುತ್ತದೆ. ಮತ್ತೆ ಆಸ್ಪತ್ರೆ, ಮತ್ತೆ 20 ಮಿಲಿಗ್ರಾಂ.

ಹಾಗಾಗಿ ಮಾತ್ರೆ ಬೇಕಾ ಬೇಡವಾ ಎನ್ನುವ ವಾದ ನಮ್ಮ ಮನೆಯಲ್ಲಿ ಇಲ್ಲ. ತೀವ್ರ ಮನೋರೋಗ ಇರುವವರು ಉಳಿದವರಿಗಿಂತ ಹತ್ತರಿಂದ ಇಪ್ಪತ್ತು ವರ್ಷ ಬೇಗ ಸಾಯುತ್ತಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದರಲ್ಲಿ ಹೃದಯದ್ದು, ಸಕ್ಕರೆಯದ್ದು ದೊಡ್ಡ ಪಾಲು. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆದರೆ ಫಿನ್‌ಲ್ಯಾಂಡಿನವರು ಅರವತ್ತಾರು ಸಾವಿರಕ್ಕೂ ಹೆಚ್ಚು ರೋಗಿಗಳ ಹನ್ನೊಂದು ವರ್ಷದ ದಾಖಲೆ ನೋಡಿ 2009ರಲ್ಲಿ ಹೇಳಿದ್ದು, ದೀರ್ಘಕಾಲ ಮಾತ್ರೆ ತಿಂದವರಲ್ಲಿ ಸಾವು ಏನೂ ತಿನ್ನದವರಿಗಿಂತ ಕಡಿಮೆ ಎಂದು. ಎಲ್ಲಕ್ಕಿಂತ ಕಡಿಮೆ ಇದ್ದದ್ದು ಕ್ಲೋಜಪಿನ್ ತಿನ್ನುವವರಲ್ಲಿ. ಹೆಚ್ಚು ಮೈ ಬರಿಸುವ ಮಾತ್ರೆ ಅದು, ನೋಡಿ. ಸುಲಭದ ಉತ್ತರ ಇಲ್ಲ.

ಮಣ್ಣಿನ ರಾಶಿ

2020ರ ಮಾರ್ಚಿನಲ್ಲಿ ಕರ್ನಾಟಕ ಗಡಿ ಮುಚ್ಚಿತು. ಒಳರಸ್ತೆಗಳಿಗೂ ಮಣ್ಣು ಸುರಿದರು. ಆಂಬುಲೆನ್ಸುಗಳು ತಲಪಾಡಿಯಿಂದ ವಾಪಸು ಬಂದವು, ಜನ ಸತ್ತರು, ವಿಷಯ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಯಿತು. ಅದನ್ನು ಕಾಸರಗೋಡಿನವರಿಗೆ ಮತ್ತೆ ಹೇಳಬೇಕಾಗಿಲ್ಲ. ನಮ್ಮ ಮನೆಯಲ್ಲಿ ಅಣ್ಣನ ಮಾತ್ರೆ ಹನ್ನೊಂದು ಉಳಿದಿತ್ತು. ದಿನಾ ಬೆಳಿಗ್ಗೆ ಎಣಿಸುತ್ತಿದ್ದೆ. ಐದು ಉಳಿದಾಗ ಆಶಾ ಕಾರ್ಯಕರ್ತೆಯೊಬ್ಬರು ಹೇಳಿದರು, ಇಲ್ಲೇ ಸರ್ಕಾರಿ ಆಸ್ಪತ್ರೆಗೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಡಾಕ್ಟರು ಬರುತ್ತಾರೆ, ಮಾತ್ರೆ ಪುಕ್ಕಟೆ ಸಿಗುತ್ತದೆ ಎಂದು. ಆರು ವರ್ಷ ಮಂಗಳೂರಿಗೆ ಬಸ್ಸು ಹತ್ತಿದ ನಮಗೆ ಅದು ಗೊತ್ತೇ ಇರಲಿಲ್ಲ. ಮಲಯಾಳದವರ ಆಸ್ಪತ್ರೆ ಎಂಬ ನಮ್ಮ ಅಸಡ್ಡೆಯೂ ಇತ್ತು, ಸುಳ್ಳು ಯಾಕೆ ಹೇಳಲಿ.

ಡಾಕ್ಟರು ಕಣ್ಣೂರಿನ ಕಡೆಯ ಹುಡುಗಿ, ಮೂವತ್ತು ದಾಟಿರಲಿಕ್ಕಿಲ್ಲ. ಮಾತಾಡುವ ಮೊದಲೇ ಅಣ್ಣನನ್ನು ಮಿಷನ್ ಮೇಲೆ ನಿಲ್ಲಿಸಿದರು. 91. ಟೇಲರ್ ಟೇಪು ತೆಗೆದು ಸೊಂಟ ಅಳೆಸಿದರು. 106. ಬಿಪಿ ನೋಡಿದರು. ನಾನು ಹೊತ್ತು ತಂದ ತೊಟ್ಟೆಯಿಂದ ಎರಡೂ ಫೈಲು ತೆಗೆದು ಪಕ್ಕಪಕ್ಕ ಇಟ್ಟು ಓದಿದರು. ಆಮೇಲೆ ನನ್ನ ಕಡೆ ನೋಡದೆ ಅಣ್ಣನನ್ನೇ ಕೇಳಿದರು, "ವಿಶಪ್ಪ್ ಎಂಙನೆ?" ನಾನು ಒಂದು ಕ್ಷಣ ಬೆಚ್ಚಿದೆ. ಮಲಯಾಳದಲ್ಲಿ ವಿಶಪ್ಪು ಎಂದರೆ ಹಸಿವು. ನಮ್ಮ ಮನೆಯಲ್ಲಿ ವಿಷ ಎಂದು ಶುರುವಾಗುವ ಯಾವ ಶಬ್ದಕ್ಕೂ ಹೆದರಿಕೆ. ಅಣ್ಣ ಹೆದರಲಿಲ್ಲ. ಹಸಿವು ಹೇಗೆ ಎಂದು ಆರು ವರ್ಷದಲ್ಲಿ ಅವನನ್ನು ಮೊದಲ ಸಲ ಒಬ್ಬರು ಕೇಳಿದ್ದರು. ಹತ್ತು ನಿಮಿಷ ಮಾತಾಡಿದ. ರಾತ್ರಿ ಹೇಗೆ ಎಚ್ಚರವಾಗುತ್ತದೆ, ಹೊಟ್ಟೆ ಒಳಗಿನಿಂದ ಹೇಗೆ ಎಳೆಯುತ್ತದೆ, ಉಂಡು ಎದ್ದ ಕೂಡಲೇ ಉಣ್ಣದವನ ಹಾಗೆ ಹೇಗೆ ಆಗುತ್ತದೆ. ಹಿಂಡಿಯ ಕಥೆಯನ್ನೂ ಹೇಳಿದ. ಬೀಗದ್ದು ಹೇಳಲಿಲ್ಲ. ನಾನು ಬಾಗಿಲಿನ ಹತ್ತಿರ ಮಾಸ್ಕ್ ಹಾಕಿ ನಿಂತಿದ್ದೆ, ಮುಖ ಕಾಣದಿದ್ದದ್ದು ಒಳ್ಳೆಯದೇ ಆಯಿತು.

ಅವರು ಒಂದೇ ಸಲಕ್ಕೆ ಏನನ್ನೂ ಬದಲಿಸಲಿಲ್ಲ. ಶುಗರಿಗೆ ಅವನು ತಿನ್ನುತ್ತಿದ್ದ ಮಾತ್ರೆ ಹಸಿವು ಹೆಚ್ಚಿಸುವ, ತೂಕ ಏರಿಸುವ ಬಗೆಯದ್ದಂತೆ. ಅದನ್ನು ಬಿಡಿಸಿ ಮೆಟ್ಫಾರ್ಮಿನ್ ಕೊಟ್ಟರು. ಇದು ಶುಗರಿಗೂ ಆಯಿತು, ತೂಕಕ್ಕೂ ಆಯಿತು ಎಂದರು. ಚೀನಾದಲ್ಲಿ ಹೀಗೆ ಮಾತ್ರೆಯಿಂದ ಮೈ ಬಂದ 128 ರೋಗಿಗಳ ಮೇಲೆ ಮಾಡಿದ ಅಧ್ಯಯನ 2008ರಲ್ಲಿ ಪ್ರಕಟವಾಗಿತ್ತು. ಹನ್ನೆರಡು ವಾರದಲ್ಲಿ ಮೆಟ್ಫಾರ್ಮಿನ್ ಜೊತೆ ಊಟ ವ್ಯಾಯಾಮ ಸರಿ ಮಾಡಿದವರು 4.7 ಕಿಲೋ ಇಳಿದರು. ಬರೀ ಮೆಟ್ಫಾರ್ಮಿನ್ ತಿಂದವರು 3.2 ಕಿಲೋ. ಬರೀ ಊಟ ವ್ಯಾಯಾಮ ನೋಡಿಕೊಂಡವರು 1.4. ಏನೂ ಮಾಡದವರು ಇನ್ನೂ 3.1 ಕಿಲೋ ಏರಿದರು. ನನ್ನ ದೋಸೆ ಎಣಿಕೆಯ ಬೆಲೆ ಹೆಚ್ಚೆಂದರೆ ಆ ಒಂದೂವರೆ ಕಿಲೋ. ಅದೂ ಬೈಗುಳ ಇಲ್ಲದೆ ಮಾಡಿದ್ದರೆ.

ಆರು ತಿಂಗಳ ನಂತರ ಅಷ್ಟಾಗಿ ಮೈ ಬರಿಸದ ಅರಿಪಿಪ್ರಜೋಲ್ ಎನ್ನುವ ಮಾತ್ರೆ ಸೇರಿಸಿ ಒಲಾಂಜಪಿನ್ ನಿಧಾನಕ್ಕೆ ಇಳಿಸಿದರು. 20ರಿಂದ 15 ಸಲೀಸಾಗಿ ಬಂತು. ಹತ್ತಕ್ಕೆ ಇಳಿಸಿದ ತಿಂಗಳು ಅಣ್ಣನಿಗೆ ನಿದ್ದೆ ಹೋಯಿತು, ಬಟ್ಟಲನ್ನು ಒಂದು ನಮೂನೆ ನೋಡತೊಡಗಿದ. ಮತ್ತೆ 15. ನಾಲ್ಕು ತಿಂಗಳು ಬಿಟ್ಟು ಹನ್ನೆರಡೂವರೆ. ಹತ್ತಕ್ಕೆ ಬಂದು ನಿಲ್ಲಲು ಒಂದೂವರೆ ವರ್ಷ ಬೇಕಾಯಿತು. ಎಲ್ಲರಿಗೂ ಹೀಗೆ ಬದಲಿಸಲು ಆಗುವುದಿಲ್ಲ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಈಗ ಅವರಿಗೆ ವರ್ಗವಾಗಿ ಬೇರೆಯವರು ಬಂದಿದ್ದಾರೆ. ತೂಕದ ಮಿಷನ್ ಅಲ್ಲೇ ಉಂಟು, ಮೇಲೆ ಫೈಲು ಇಲ್ಲ.

ಮನೆಯಲ್ಲಿ ನಾವು ಮಾಡಿದ್ದು ಸಣ್ಣಪುಟ್ಟದ್ದು. ಅಣ್ಣನಿಗೆ ಬೇರೆ ಊಟ ಮಾಡುವುದನ್ನು ಬಿಟ್ಟು ಎಲ್ಲರ ಊಟವನ್ನೂ ಸ್ವಲ್ಪ ಬದಲಿಸಿದೆವು. ಮೊದಲು ತರಕಾರಿ, ಬಸಳೆಯ ಪಲ್ಯ, ಆಮೇಲೆ ಅನ್ನ. ರಾತ್ರಿಗೆಂದು ಉಗ್ರಾಣದಲ್ಲಿ ಹುರಿದ ಕಡಲೆ, ಮಜ್ಜಿಗೆ ಇಡುತ್ತೇವೆ, ಏಳುವುದಾದರೆ ಏಳಲಿ. ಚಹಾ ಸಣ್ಣ ಲೋಟಕ್ಕೆ ಬಂತು. ಅಮ್ಮನನ್ನು ಒಪ್ಪಿಸಲು ಹೆಚ್ಚು ಕಷ್ಟವಾಯಿತು. ಅವರು ಈಗಲೂ ನಾನು ಬ್ಯಾಂಕಿಗೆ ಹೋದ ಮೇಲೆ ಅಣ್ಣನಿಗೆ ಒಂದು ಕಡುಬು ಜಾಸ್ತಿ ಬಡಿಸುತ್ತಾರೆ. ನನಗೆ ಗೊತ್ತು ಎಂದು ಅವರಿಗೂ ಗೊತ್ತು.

ಬಸ್ ಸ್ಟ್ಯಾಂಡಿನ ಅಕ್ಕನಿಗೆ ಮೊನ್ನೆ ಫೋನ್ ಮಾಡಿದೆ. ಮಗ ಹುಷಾರಾದದ್ದು ಖುಷಿ ಎಂದು ಶುರು ಮಾಡಿ, ಮುಂದಿನ ಸಲ ಹೋದಾಗ ತೂಕ, ಶುಗರ್, ಸೊಂಟದ ಅಳತೆ ಮೂರನ್ನೂ ಬರೆಸಿಕೊಳ್ಳಿ, ಹಸಿವು ಹೇಗೆಂದು ಅವನನ್ನೇ ಕೇಳಿ, ಏನಾದರೂ ಮಾತ್ರೆ ಮಾತ್ರ ನಿಲ್ಲಿಸಬೇಡಿ ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ರಾತ್ರಿ ಎದ್ದು ತಿಂತಾನೆ, ನಾನು ನಿನ್ನೆ ಬೈದೆ" ಎಂದರು.

ಅಪ್ಪನ ಲೆಕ್ಕದ ಪುಸ್ತಕದಲ್ಲಿ ಹಿಂದಿನ ನಾಲ್ಕು ಪುಟ ಈಗ ಅಣ್ಣನದ್ದು. ಪ್ರತಿ ತಿಂಗಳ ಮೊದಲ ಭಾನುವಾರ ಅವನೇ ಬರೆಯುತ್ತಾನೆ. ಐವತ್ತಾರಕ್ಕೆ ಅವನು ಎಂದೂ ಮರಳಲಿಲ್ಲ, ಮರಳುವುದೂ ಬೇಡ, ಅದು ಹಸಿದ ಮೈಯ ತೂಕ. ಈ ಭಾನುವಾರ 77 ಇತ್ತು. ಬರೆದು ಮುಗಿಸಿ ಪೆನ್ನಿನಿಂದ ನನ್ನ ಕಡೆ ತೋರಿಸಿ "ನೀನೂ ನಿಲ್ಲು" ಎಂದ. ನನಗೆ ಯಾಕೆ ಎಂದೆ. "ನಿಲ್ಲು ಮಾರಾಯ." ನಿಂತೆ. 82. ಅಣ್ಣ ಬಗ್ಗಿ ಇನ್ನೊಮ್ಮೆ ನೋಡಿದ. ಪುಸ್ತಕದಲ್ಲಿ ತನ್ನ ಸಾಲಿನ ಕೆಳಗೆ ನನ್ನ ಹೆಸರು ಬರೆದು, ಮುಂದೆ ಸಂಖ್ಯೆ ಬರೆದು, ತಲೆ ಎತ್ತಿ ಕೇಳಿದ.

"ನಿಂದು ಯಾವ ಮಾತ್ರೆ?"